ನಮ್ಮ ನಡುಮನೆಗೆ ಯಾವ ಲೆನ್ಸು?

ಕ್ಯಾಮೆರಾಗೆ ಎರಡನೇ ಲೆನ್ಸು ಯಾವುದು ತಗೊಳ್ಳೋದು ಅಂತ ಈ ತಿಂಗಳು ಮೂರು ಜನ ಕೇಳಿದ್ರಿ. ಮೈಸೂರಿನ ಚಿಕ್ಕಮ್ಮಂಗೆ ಮೊಮ್ಮಗು ಹುಟ್ಟಿದೆ. ಎದುರುಮನೆ ಅಕ್ಕನ ಮಗಳು ರಂಗಪ್ರವೇಶಕ್ಕೆ ತಯಾರಾಗ್ತಿದಾಳೆ. ನಮ್ಮ ವಾರಗಿತ್ತಿಗೆ ಮಗ ಮೊದಲನೇ ಸಂಬಳದಲ್ಲಿ ಕ್ಯಾಮೆರಾ ಕೊಡಿಸಿದಾನೆ. ಫೋನಲ್ಲಿ ಹೇಳಿದ್ರೆ ಅರ್ಧ ನೀವು ಮರೀತೀರಿ, ಇನ್ನರ್ಧ ನಾನು ಹೇಳೋಕೇ ಮರೀತೀನಿ. ಅದಕ್ಕೆ ಕುಕ್ಕರ್ ಇಟ್ಟು ಕೂತು ಬರೀತಿದೀನಿ.

ನಮ್ಮನೇಲಿರೋದು ಸೋನಿ ಎ6400. ಒಳಗೆ ಕನ್ನಡಿ ಇಲ್ಲದ ಜಾತಿ, ಅದಕ್ಕೇ ಮಿರರ್‌ಲೆಸ್ ಅನ್ನೋದು. ಕನ್ನಡಿ ಇಲ್ಲದ್ದರಿಂದ ತೆಳ್ಳಗೆ, ಸಣ್ಣಗೆ ಮಾಡೋಕಾಗುತ್ತೆ. ಅದರ ಜೊತೇಲಿ ಬರೋ 16-50 ಲೆನ್ಸು ನೋಡಿದ್ರೆ ಕುಂಕುಮದ ಭರಣಿ ಹಾಗಿದೆ, ತೂಕ 116 ಗ್ರಾಂ. ವ್ಯಾನಿಟಿ ಬ್ಯಾಗಲ್ಲಿ ಪರ್ಸು, ಛತ್ರಿ, ಬಸ್ ಪಾಸಿನ ಪಕ್ಕ ಕೂತ್ಕೊಳ್ಳುತ್ತೆ. ಈ ಲೆನ್ಸನ್ನ ಕಿಟ್ ಲೆನ್ಸು ಅಂತ ಮೂಗು ಮುರಿಯೋರು ಇದಾರೆ, ನಾನಂತೂ ಮುರಿಯಲ್ಲ. ದಸರಾ ಗೊಂಬೆ ಒಂಬತ್ತು ಮೆಟ್ಟಿಲೂ ಒಂದೇ ಫೋಟೋದಲ್ಲಿ ಬರಬೇಕು ಅಂದ್ರೆ ಇದರ 16 ಬೇಕೇ ಬೇಕು.

ಆದ್ರೆ ಕಲಾಸಿಪಾಳ್ಯದ ನಮ್ಮನೆ ನೀವು ನೋಡಿದೀರಲ್ಲ. ಎರಡು ಕಡೆಗೂ ಪಕ್ಕದ ಮನೆ ಗೋಡೆ ಅಂಟ್ಕೊಂಡಿದೆ, ಕಿಟಕಿ ಅನ್ನೋದು ಬೀದಿ ಕಡೆ ಒಂದು, ಹಿತ್ತಲ ಕಡೆ ಒಂದು. ನಡುಮನೆಗೆ ಬೆಳಕು ಬರೋದು ಮೇಲಿನ ಗವಾಕ್ಷಿಯಿಂದ ಮಾತ್ರ. ಶಿವನಸಮುದ್ರದ ಕರೆಂಟು 1905ರಲ್ಲೇ ಬೆಂಗಳೂರಿಗೆ ಬಂತು ಅಂತ ನಾವೆಲ್ಲ ಜಂಭ ಕೊಚ್ಕೋತೀವಿ, ಆದ್ರೆ ನಮ್ಮ ನಡುಮನೇಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕ್ದೆ ಅಕ್ಕೀಲಿ ಕಲ್ಲು ಆರಿಸೋಕಾಗಲ್ಲ.

ಆ ಗವಾಕ್ಷಿ ಕೆಳಗೇ ನಮ್ಮತ್ತೆ ಹೂ ಕಟ್ಟೋದು. ಬೆಳಿಗ್ಗೆ ಮಾರ್ಕೆಟ್ಟಿಂದ ಹೂ ಬಂದ ತಕ್ಷಣ ಬಾಳೆನಾರು ನೀರಲ್ಲಿ ನೆನೆಹಾಕಿ ಕೂತ್ರೆ, ಮಲ್ಲಿಗೆ ಆಯ್ತು, ಕನಕಾಂಬರ ಆಯ್ತು, ನಡುನಡುವೆ ಒಂದೊಂದು ಎಸಳು ಮರುಗ. ಮನೆ ದೇವರಿಗೆ, ಜಲಕಂಠೇಶ್ವರನಿಗೆ, ಬೀದೀಲಿರೋ ಹೆಣ್ಮಕ್ಕಳ ಮುಡಿಗೆ. ಎರಡು ಕಣ್ಣಿಗೂ ಪೊರೆ ಆಪರೇಷನ್ ಆಗಿದೆ. ಕಟ್ಟುವಾಗ ಕೈ ನೋಡೋದೇ ಇಲ್ಲ, ನಮ್ಮ ಜೊತೆ ಮಾತಾಡ್ತಾನೇ ಇರ್ತಾರೆ, ಬೆರಳು ತಮ್ಮ ಪಾಡಿಗೆ ಓಡ್ತಿರುತ್ತೆ.

ಮನೆ ಪಾಲಾಗಿರೋದು ನಿಮಗೆಲ್ಲ ಗೊತ್ತು. ಯುಗಾದಿ ಕಳೆದ್ಮೇಲೆ ಕೆಡವ್ತಾರೆ. ಮೇಲೆ ಮೂರು ಅಂತಸ್ತು ಬರುತ್ತಂತೆ, ನಾವು ಅಷ್ಟೊತ್ತಿಗೆ ಬೇರೆ ಕಡೆ. ಆ ಗವಾಕ್ಷಿ, ಆ ಬೆಳಕು, ಅದರ ಕೆಳಗೆ ಆ ಕೈ, ಇಷ್ಟು ಒಟ್ಟಿಗೆ ಸಿಗೋದು ಇನ್ನು ಕೆಲವೇ ತಿಂಗಳು. ನಂಗೆ ಬೇಕಾಗಿದ್ದು ಆ ಫೋಟೋ. ಚೀಟಿ ಎತ್ತಿದ ದುಡ್ಡಲ್ಲಿ ಲೆನ್ಸು ತಗೋತೀನಿ ಅಂದಾಗ ಮನೇಲಿ ಒಂದು ಸಣ್ಣ ಸಭೆಯೇ ನಡೀತು ಅನ್ನಿ.

ಫ್ಲ್ಯಾಷ್ ಹಾಕ್ಬಹುದಲ್ಲಾ ಅಂತ ಮೈದುನ. ಅತ್ತೆಗೆ ಫ್ಲ್ಯಾಷ್ ಹೊಡೆದ್ರೆ ಕೈ ಅಡ್ಡ ಹಿಡೀತಾರೆ, ಕಣ್ಣು ಚುಚ್ಚುತ್ತೆ ಅಂತಾರೆ. ಅದೂ ಅಲ್ದೆ ಫ್ಲ್ಯಾಷ್ ಬೆಳಕು ಬಿದ್ರೆ ಗವಾಕ್ಷಿ ಬೆಳಕು ಎಲ್ಲಿ ಉಳಿಯುತ್ತೆ? ಮದುವೆ ಛತ್ರದ ಫೋಟೋ ಥರ ಬೆಳ್ಳಗೆ ಬರುತ್ತೆ, ಅಷ್ಟೆ.

ಈಗ ಲೆನ್ಸಿನ ಮೇಲಿರೋ ನಂಬರ್ ವಿಷಯ, ಇದೊಂದು ಅರ್ಥ ಆದ್ರೆ ಅಂಗಡೀಲಿ ಯಾರೂ ನಿಮ್ಮನ್ನ ಯಾಮಾರಿಸೋಕಾಗಲ್ಲ. ಎಫ್ ಅಂತ ಬರೆದಿರುತ್ತಲ್ಲ, ಅದು ಲೆನ್ಸಿನ ಗವಾಕ್ಷಿ. ನಂಬರ್ ಸಣ್ಣದಾದಷ್ಟೂ ಗವಾಕ್ಷಿ ದೊಡ್ಡದು. ಕಿಟ್ ಲೆನ್ಸನ್ನ 50ರವರೆಗೆ ಎಳೆದಾಗ ಎಫ್ 5.6. ಎಫ್ 1.4 ಇರೋ ಲೆನ್ಸು ಅದರ 16 ಪಟ್ಟು ಬೆಳಕು ಒಳಗೆ ಬಿಡುತ್ತೆ. ಎರಡು ಪಟ್ಟಲ್ಲ, ಮೂರು ಪಟ್ಟಲ್ಲ. 30ರ ಹತ್ರ ಎಳೆದು ಹೋಲಿಸಿದ್ರೂ ಸುಮಾರು ಹತ್ತು ಪಟ್ಟು. ಅಂದ್ರೆ ನಮ್ಮ ನಡುಮನೇಲಿ ಸೆಕೆಂಡಿನ ಹತ್ತನೇ ಒಂದು ಭಾಗ ತೆರೆದಿರಬೇಕಾದ ಕಡೆ ನೂರನೇ ಒಂದು ಭಾಗ ತೆರೆದ್ರೆ ಸಾಕು. ಹತ್ತನೇ ಒಂದು ಭಾಗದಲ್ಲಿ ಅತ್ತೆ ಬೆರಳು ಒಂದು ಸುತ್ತು ನಾರು ಸುತ್ತಿಬಿಟ್ಟಿರುತ್ತೆ, ಫೋಟೋದಲ್ಲಿ ಬೆರಳಿರೋ ಕಡೆ ಹಿಂಜಿದ ಹತ್ತಿ ಬರುತ್ತೆ. ಐಎಸ್‌ಒ ಏರಿಸ್ತಾ ಹೋದ್ರೆ ಬೆಳಕು ಬರುತ್ತೆ ನಿಜ, ಆದ್ರೆ ಫೋಟೋ ತುಂಬ ರವೆ ಉದುರಿಸಿದ ಹಾಗೆ ಕಾಳುಕಾಳು.

ಅಲುಗಾಟ ತಡೆಯೋ ಲೆನ್ಸು ಇದೆಯಲ್ಲ ಅಂತೀರೇನೋ. ಇದೆ. ಸೋನಿಯದ್ದೇ 35 ಎಫ್ 1.8ಕ್ಕೆ ಆ ಅನುಕೂಲ ಇದೆ, ಹಗುರ ಕೂಡ. ನಮ್ಮ ಎ6400 ಕ್ಯಾಮೆರಾ ಒಳಗಡೆ ಆ ವ್ಯವಸ್ಥೆ ಇಲ್ಲ, ಹಾಗಾಗಿ ಅದನ್ನೂ ಯೋಚನೆ ಮಾಡಿದೆ. ಆದ್ರೆ ಅದು ತಡೆಯೋದು ಫೋಟೋ ತೆಗೆಯೋರ ಕೈ ನಡುಕವನ್ನ, ಹೂ ಕಟ್ಟೋರ ಕೈಯನ್ನಲ್ಲ. ಸುಮ್ನೆ ಕೂತಿರೋ ದೇವರ ವಿಗ್ರಹಕ್ಕೆ, ಗೋಡೆ ಮೇಲಿನ ಹಳೇ ಫೋಟೋಗೆ ಅದು ವಾಸಿ. ನಮ್ಮತ್ತೆ ಸುಮ್ನೆ ಕೂರೋ ಪೈಕಿ ಅಲ್ಲ. ಅದಕ್ಕೇ ಸಿಗ್ಮಾ 30 ಎಫ್ 1.4 ತಗೊಂಡೆ.

30ಏ ಯಾಕೆ, 56 ಯಾಕಲ್ಲ? ಇದಕ್ಕೆ ನಾನು ಬೀಳು ಟೇಪು ಹಿಡ್ಕೊಂಡು ಮನೆ ಅಳೆದೆ, ನಗಬೇಡಿ. ಗೋಡೆಗೆ ಬೆನ್ನು ಕೊಟ್ಟು ನಿಂತ್ರೆ ಅತ್ತೆ ಮಣೆಗೆ ಹತ್ತಡಿ. ನಮ್ಮಂಥ ಕ್ಯಾಮೆರಾದಲ್ಲಿ ಹತ್ತಡಿ ದೂರದಿಂದ 16ರ ಲೆನ್ಸಿಗೆ ಹದಿನಾಲ್ಕೂವರೆ ಅಡಿ ಅಗಲ ಕಾಣುತ್ತೆ, ಪೂರ್ತಿ ಮನೆ, ಮೂಲೇಲಿರೋ ಗ್ಯಾಸ್ ಸಿಲಿಂಡರ್ ಸಮೇತ. 30ಕ್ಕೆ ಹೆಚ್ಚುಕಮ್ಮಿ ಎಂಟಡಿ. ಅತ್ತೆ, ಹೂವಿನ ಮೊರ, ಮೇಲಿಂದ ಬೀಳೋ ಬೆಳಕು. 56ಕ್ಕೆ ನಾಲ್ಕಡಿ ಚಿಲ್ಲರೆ, ಮುಖ ಮತ್ತು ಕೈ ಆಯ್ತು, ಮನೆ ಹೋಯ್ತು. ನಂಗೆ ಮನೆಯೂ ಬೇಕಿತ್ತು. ಹತ್ರ ಹೋಗಿ ಐದಡೀಲಿ ಕೂತ್ರೆ 30ರಲ್ಲೂ ನಾಲ್ಕಡಿ ಸಿಗುತ್ತೆ. ನಡೆಯೋ ಕಾಲು ಇದ್ದೋರಿಗೆ ಅದೇ ಝೂಮು.

ಇನ್ನೂ ಸುಲಭದ ದಾರಿ ಹೇಳ್ತೀನಿ. ಒಂದು ಪೈಸೆ ಖರ್ಚಿಲ್ಲ. ನಿಮ್ಮ ಕಿಟ್ ಲೆನ್ಸನ್ನ ಒಂದು ವಾರ 30ಕ್ಕೆ ನಿಲ್ಲಿಸಿ, ಝೂಮ್ ಮುಟ್ಟಬೇಡಿ. ಇನ್ನೊಂದು ವಾರ 50ಕ್ಕೆ. ಯಾವ ವಾರ ಗೋಡೆಗೆ ತಲೆ ಚಚ್ಕೋಬೇಕು ಅನ್ನಿಸ್ತೋ ಆ ನಂಬರ್ ನಿಮ್ಮದಲ್ಲ.

ಅಂಗಡೀದೊಂದು ಕಥೆ. ಯಜಮಾನ್ರು ಜೊತೇಲಿ ಬಂದಿದ್ರು, ಗಾಡಿ ಓಡಿಸೋಕೆ. ಅಂಗಡಿಯವನು ಕೇಳಿದ್ದಕ್ಕೆಲ್ಲ ಅವರ ಮುಖ ನೋಡ್ಕೊಂಡು ಉತ್ತರ ಹೇಳ್ತಿದ್ದ. "ಮೇಡಮ್ಮಿಗೆ 55-210 ಕೊಡಿಸಿ ಸಾರ್, ದೂರದ್ದೆಲ್ಲ ಹತ್ರ ಬರುತ್ತೆ" ಅಂದ. ನಮ್ಮ ಮನೇಲಿ ದೂರ ಅನ್ನೋದೇ ಇಲ್ಲ ಕಣಪ್ಪಾ ಅಂದೆ. ಆಮೇಲೆ ನಮ್ಮ ಕ್ಯಾಮೆರಾಗೆ ಎರಡು ಲೆನ್ಸೂ ಹಾಕಿಸಿ, ಮೆಟ್ಟಿಲ ಕೆಳಗಿದ್ದ ರಟ್ಟಿನ ಡಬ್ಬಗಳ ಕತ್ತಲೆ ಮೂಲೇಲಿ ಅವನ ಹುಡುಗನ್ನ ನಿಲ್ಲಿಸಿ ಒಂದೊಂದು ಫೋಟೋ ತೆಗೆದೆ. ಎರಡನ್ನೂ ತೋರಿಸಿದ್ಮೇಲೆ ನನ್ನ ಕಡೆ ತಿರುಗಿ ಮಾತಾಡಿದ. ನೀವೂ ಹಾಗೇ ಮಾಡಿ. ಬೀದಿ ಬಿಸಿಲಲ್ಲಿ ತೆಗೆದು ತೋರಿಸಿದ್ರೆ ಒಪ್ಕೋಬೇಡಿ, ಬಿಸಿಲಲ್ಲಿ ಎಲ್ಲ ಲೆನ್ಸೂ ಚಿನ್ನವೇ.

ಉದ್ದದ ಝೂಮ್ ಕೆಟ್ಟದ್ದು ಅಂತಲ್ಲ. ಲಾಲ್‌ಬಾಗ್ ಕೆರೆ ಹಕ್ಕಿಗೆ ಅದೇ ಬೇಕು. ತೇಜಸ್ವಿಯವರ ಹಕ್ಕಿ ಫೋಟೋ ನೋಡಿ ಆಸೆ ಪಟ್ಟೋರಿಗಂತೂ 210 ಕೂಡ ಸಾಲದು. ಆದ್ರೆ ಎದುರುಮನೆ ಅಕ್ಕಾ, ರಂಗಪ್ರವೇಶಕ್ಕೆ ಅಂತ ಅದನ್ನ ತಗೋಬೇಡಿ. ಉದ್ದಕ್ಕೆ ಎಳೆದಾಗ ಅದು ಎಫ್ 6.3, ವೇದಿಕೆ ಬೆಳಕು ಸಾಲಲ್ಲ, ಜತಿ ಹಾಕೋ ಕಾಲು ಮಸುಕಾಗುತ್ತೆ. ನಿಮ್ಮದೂ ಸೋನಿಯೇ ಅಲ್ವಾ, ಸಿಗ್ಮಾ 56 ಎಫ್ 1.4 ತಗೊಂಡು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಇಪ್ಪತ್ತಡಿ ದೂರದಿಂದ ಕ್ಯಾಮೆರಾ ಅಡ್ಡ ಹಿಡಿದ್ರೆ ಎಂಟಡಿ ಅಗಲ, ಐದೂವರೆ ಅಡಿ ಎತ್ತರ ಸಿಗುತ್ತೆ. ಅರೆಮಂಡಿಗೆ ಸಾಕು. ಕೈ ಮೇಲೆತ್ತಿ ನಿಂತಾಗ ಕ್ಯಾಮೆರಾ ಉದ್ದುದ್ದಕ್ಕೆ ತಿರುಗಿಸಿ.

ವಾರಗಿತ್ತಿದು ಪ್ಯಾನಾಸಾನಿಕ್. ಅದರ ಒಳಗಿನ ಸೆನ್ಸಾರು ನಮ್ಮದಕ್ಕಿಂತ ಸಣ್ಣದು, ಹಾಗಾಗಿ ನಂಬರು ಬೇರೆ ಲೆಕ್ಕ. ನಮ್ಮದನ್ನ ಒಂದೂವರೆಯಿಂದ ಗುಣಿಸಿದ್ರೆ ಅವಳದನ್ನ ಎರಡರಿಂದ ಗುಣಿಸ್ಬೇಕು. ನಮ್ಮ 30 ಹಳೇ ರೀಲು ಕ್ಯಾಮೆರಾ ಲೆಕ್ಕದಲ್ಲಿ 45, ಅವಳ 25 ಅಂದ್ರೆ 50. ಪ್ಯಾನಾಸಾನಿಕ್ 25 ಎಫ್ 1.7 ಸಾಕು ಕಣೇ ನಿಂಗೆ. ಇಲ್ಲಾಂದ್ರೆ ಚಪಾತಿ ಹಾಗೆ ಚಪ್ಪಟೆಯಾಗಿರೋ 20 ಎಫ್ 1.7. ನನ್ನ ಲೆನ್ಸು ನಿನ್ನ ಕ್ಯಾಮೆರಾಗೆ ಕೂರಲ್ಲ, ಎರವಲು ಕೇಳ್ಬೇಡ. ಒಲಿಂಪಸ್ಸಿನವರ ಲೆನ್ಸು ಮಾತ್ರ ನಿನ್ನ ಕ್ಯಾಮೆರಾಗೆ ಕೂರುತ್ತೆ. ಇಬ್ಬರು ವಾರಗಿತ್ತೀರು ಒಂದೇ ಅಡುಗೆಮನೆ ಇಟ್ಕೊಂಡ ಹಾಗೆ, ಅವೆರಡು ಕಂಪನಿಗೆ ಲೆನ್ಸು ಕೂರೋ ಬಾಯಿ ಒಂದೇ.

ಚಿಕ್ಕಮ್ಮಾ, ಮಗುವಿಗೆ ನನ್ನ ಥರದ್ದೇ ಸರಿ. ಫ್ಲ್ಯಾಷ್ ಬೇಡ, ತೊಟ್ಟಿಲ ಹತ್ರ ಒಂದಡಿವರೆಗೂ ಹೋಗ್ಬಹುದು. ಆದ್ರೆ ಮುಖದ ಫೋಟೋನ 16ರಲ್ಲಿ ತೀರಾ ಹತ್ರದಿಂದ ಮಾತ್ರ ತೆಗೀಬೇಡಿ, ಮೂಗು ಬೋಂಡಾ ಆಗಿ ಬರುತ್ತೆ, ಆಮೇಲೆ ಬೀಗರು ಬೇಜಾರು ಮಾಡ್ಕೋತಾರೆ.

1.4ಕ್ಕೆ ಒಂದು ಕಿರಿಕಿರಿ ಇದೆ, ಮುಚ್ಚಿಡಲ್ಲ. ಹತ್ರದಿಂದ ಪೂರ್ತಿ ತೆರೆದು ತೆಗೆದ್ರೆ ಮುಖ ಚೂಪಾಗಿ ಬಂದು ಕೈ ಮಂಜಾಗುತ್ತೆ, ಇಲ್ಲಾ ಕೈ ಬಂದು ಮುಖ ಮಂಜು. ಕ್ಯಾಮೆರಾ ಹುಡುಕಿ ಹುಡುಕಿ ಕಣ್ಣಿಗೇ ಫೋಕಸ್ ಮಾಡುತ್ತೆ, ಅದಕ್ಕೆ ಅತ್ತೆ ಕೈಯ ಬೆಲೆ ಏನು ಗೊತ್ತು? ಸ್ಕ್ರೀನ್ ಮೇಲೆ ಕೈ ಇರೋ ಜಾಗ ಬೆರಳಲ್ಲಿ ಒತ್ತಿ ಹೇಳ್ಬೇಕು. ಸೂರ್ಯ ಮೇಲೆ ಬಂದು ಗವಾಕ್ಷಿ ಬೆಳಕು ಜೋರಾದ್ಮೇಲೆ 2.8ಕ್ಕೆ ಇಳಿಸ್ತೀನಿ, ಆಗ ಎರಡೂ ಬರುತ್ತೆ.

ಒಂದು ದಿನ ಬೆಳಿಗ್ಗೆ ಐದಕ್ಕೆ ಹೂ ತರೋಕೆ ಹೋದಾಗ ಮಾರ್ಕೆಟ್ಟಿಗೂ ತಗೊಂಡು ಹೋದೆ. ಮೇಲಿನ ಅಂತಸ್ತಿಂದ ಕೆಳಗೆ ನೋಡಿದ್ರೆ ಬಲ್ಬಿನ ಬೆಳಕಲ್ಲಿ ಚೆಂಡುಹೂವಿನ ರಾಶಿ. ಅಲ್ಲಿ ನಿಂತು ಫೋಟೋ ತೆಗೆಯೋರು ಯಾವಾಗ್ಲೂ ನಾಲ್ಕು ಜನ ಇದ್ದೇ ಇರ್ತಾರೆ. ಆ ಕತ್ತಲೇಲೂ 30 ಕೈ ಕೊಡಲಿಲ್ಲ. ಕರಗದ ರಾತ್ರೀಗೂ ಇದನ್ನೇ ಹಾಕ್ಕೊಂಡು ಹೋಗ್ತೀನಿ. ಆ ಜನದಲ್ಲಿ ಲೆನ್ಸು ಬದಲಾಯಿಸೋ ಮಾತೇ ಇಲ್ಲ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸು ತೆಗೆದ ಕೂಡಲೇ ಸೆನ್ಸಾರು ಬಟಾಬಯಲು, ನಮ್ಮ ಬಸ್ ಸ್ಟ್ಯಾಂಡಿನ ಧೂಳು ಕಾಯ್ತಿರುತ್ತೆ. ಬದಲಾಯಿಸೋದಿದ್ರೆ ಮನೆ ಒಳಗೆ, ಫ್ಯಾನ್ ಆರಿಸಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಟಾರ್ಚ್ ಹಾಕಿ ಒಳಗೆ ನೋಡಿ, ಜೇಡರ ಬಲೆ ಹಾಗೆ ಕಂಡ್ರೆ ಅದು ಬೂಷ್ಟು, ಬಿಟ್ಟು ಬನ್ನಿ. ಮಳೆಗಾಲದಲ್ಲಿ ನಮ್ಮನೆ ಗೋಡೆ ಬೆವರುತ್ತೆ, ಅದಕ್ಕೆ ನಾನು ಗಾಳಿ ಆಡದ ಡಬ್ಬೀಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡ್ತೀನಿ. ರೇಷ್ಮೆ ಸೀರೆ ಜೊತೆ ನುಸಿಗುಳಿಗೆ ಇರೋ ಬೀರುವಲ್ಲಿ ಇಡಬೇಡಿ.

ಅತ್ತೆಗೆ ಮೊದಲನೇ ಫೋಟೋ ದೊಡ್ಡದು ಮಾಡಿ ತೋರಿಸ್ದೆ. "ನನ್ನ ಕೈ ಇಷ್ಟು ಸುಕ್ಕಾಗಿದೆಯೇನೇ?" ಅಂದ್ರು. ನಾನೇನು ಹೇಳೋದು ಅಂತ ಸುಮ್ನಿದ್ದೆ. ಕನ್ನಡಕ ಮೇಲೆ ಮಾಡ್ಕೊಂಡು ಇನ್ನೊಂದ್ಸಲ ನೋಡಿ, "ಗಂಟು ಮಾತ್ರ ಸರಿಯಾಗಿ ಕಾಣ್ತಿದೆ ಬಿಡು. ಎಡಗೈ ಬೆರಳು ಎಲ್ಲಿಟ್ಟಿದೀನಿ ನೋಡು, ಇದನ್ನೇ ಅಲ್ವಾ ನಿಂಗೆ ಬಾಯಲ್ಲಿ ಹೇಳೋಕಾಗದೇ ಇದ್ದಿದ್ದು" ಅಂದ್ರು. ಆ ಗಂಟಿನದೇ ಒಂಬತ್ತು ಫೋಟೋ ಸಾಲಾಗಿ ತೆಗೆದು ಅಮೆರಿಕದಲ್ಲಿರೋ ನಾದಿನಿ ಮಗಳಿಗೆ ಕಳಿಸಿದೀನಿ. ಅವಳು ಅಲ್ಲಿ ಬಾಳೆನಾರು ಸಿಗದೆ ಹೊಲಿಗೆ ದಾರದಲ್ಲಿ ಪ್ರಯತ್ನ ಪಡ್ತಿದಾಳಂತೆ, ನಾಲ್ಕನೇ ಫೋಟೋವರೆಗೂ ಬಂದಿದಾಳೆ.

ಲೆನ್ಸು ಹಾಕಿ ನೋಡಬೇಕು ಅನ್ನೋರು ಭಾನುವಾರ ಬನ್ನಿ. ಆರೂವರೆ ಒಳಗೆ ಬನ್ನಿ, ಎಂಟಕ್ಕೆಲ್ಲ ಹೂ ಮುಗಿದುಹೋಗಿರುತ್ತೆ. ಬರುವಾಗ ನಿಮ್ಮ ಮೆಮೊರಿ ಕಾರ್ಡು ನೀವೇ ತನ್ನಿ.