ನಾಲ್ಕು ಸಾವಿರ ಪಾಯಿಂಟಿನ ಲೆಕ್ಕ

ಬಿ.ಸಿ.ರೋಡಿನ ನಮ್ಮ ಸಣ್ಣ ಅಂಗಡಿಗೆ ಚಾದರ ತರಲು ವರ್ಷಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಹೋಗುತ್ತೇನೆ. ಈ ಸಲ ಸ್ಟೇಷನ್ ಹತ್ತಿರ ಮೇಜು ಹಾಕಿ ನಿಂತಿದ್ದ ಹುಡುಗನೊಬ್ಬ ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಕರೆದ. ಅವನ ಹತ್ತಿರ ಎರಡು ಕ್ರೆಡಿಟ್ ಕಾರ್ಡು. ಒಂದಕ್ಕೆ ವರ್ಷಕ್ಕೆ 999 ರೂಪಾಯಿ ಶುಲ್ಕ; 60 ದಿನದಲ್ಲಿ 30,000 ಖರ್ಚು ಮಾಡಿದರೆ 4,000 ಪಾಯಿಂಟ್. ಇನ್ನೊಂದಕ್ಕೆ ಶುಲ್ಕ ಇಲ್ಲ; ಖರ್ಚಿನ ಶೇ. 1 ವಾಪಸ್.

"ಮೊದಲನೇದ ತಗೋರಿ ಸಾಹೇಬ್ರ, ಎಲ್ಲಾರೂ ಅದನ್ನ ತಗೋತಾರ" ಎಂದ.

ಚೀಟಿ ಜೇಬಿಗೆ ಹಾಕಿ ಅಕ್ಕಲಕೋಟೆಯ ಬಸ್ಸು ಹತ್ತಿದೆ. ಅಲ್ಲೊಬ್ಬರು ಹಿರಿಯ ಜವಳಿ ವ್ಯಾಪಾರಿ, ನಮ್ಮ ತಂದೆಯ ಕಾಲದ ಪರಿಚಯ. ಅಂಗಡಿಯ ಬೋರ್ಡು ಮರಾಠಿ, ಒಳಗಿನ ಮಾತೆಲ್ಲ ಕನ್ನಡ. ಚೀಟಿ ನೋಡಿ ಉದ್ರಿ ಪುಸ್ತಕದ ಹಿಂದೆ ಲೆಕ್ಕ ಬರೆದರು. ಸಣ್ಣ ಅಕ್ಷರದಲ್ಲಿದ್ದಂತೆ ಒಂದು ಪಾಯಿಂಟಿಗೆ 25 ಪೈಸೆ. 4,000 ಪಾಯಿಂಟ್ ಎಂದರೆ 1,000 ರೂಪಾಯಿ. ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಸೇರಿದರೆ 1,179. ಮೇಲೆ, ಚಾದರದ ಹಣ ಕಾರ್ಡಿನಲ್ಲಿ ಕೊಟ್ಟರೆ ಸಗಟು ಅಂಗಡಿಯವರು ಶೇ. 2 ಹೆಚ್ಚು ಕೇಳುತ್ತಾರೆ, 30,000ಕ್ಕೆ 600.

"ಉದ್ರಿ ಕೊಟ್ಟಾವನ ಮಾರಿ ದಿನಾ ಕಾಣ್ತದ, ಅದಕ್ಕ ಲಗೂ ತೀರಸ್ತೀವಿ. ಕಾರ್ಡಿಗೆ ಮಾರಿ ಇಲ್ಲ ನೋಡ್ರಿ" ಎಂದರು.

ನಾನು ಸುಮ್ಮನಾದೆ. ಆರು ವರ್ಷದ ಹಿಂದೆ ಉಮ್ಮನ ಆಪರೇಷನ್ನಿಗೆ ಕಾರ್ಡಿನಲ್ಲಿ 40,000 ಕಟ್ಟಿದ್ದೆ. ಬಿಲ್ಲಿನಲ್ಲಿ 'ಕನಿಷ್ಠ ಬಾಕಿ 2,000' ಎಂದಿತ್ತು; ಅಷ್ಟೇ ಕಟ್ಟಿದೆ. ತಿಂಗಳಿಗೆ ಶೇ. 3.5ರಂತೆ ಬಡ್ಡಿಯೇ 1,400, ಅದರ ಮೇಲೆ ಜಿಎಸ್‌ಟಿ 252. ಅಸಲಿಗೆ ಸೇರಿದ್ದು 348 ರೂಪಾಯಿ ಮಾತ್ರ. ಬಡ್ಡಿ ಹರಾಮ್ ಎಂದು ಕಲಿತ ಮನೆಯಲ್ಲಿ ಯಾರಿಗೂ ಹೇಳದೆ ಒಂದೂವರೆ ವರ್ಷ ಬಡ್ಡಿ ಕಟ್ಟಿದೆ. ಕೊನೆಗೆ ಹೆಂಡತಿಯ ಎರಡು ಬಳೆ ಮಾರಿ ತೀರಿಸಿದೆವು.

ಮರಳುವಾಗ ಆ ಹುಡುಗನಲ್ಲಿ ಶುಲ್ಕವಿಲ್ಲದ ಕಾರ್ಡಿಗೆ ಅರ್ಜಿ ಕೊಟ್ಟೆ. ಹೇಗೂ ಮಾಡುವ ಮನೆಖರ್ಚಿಗೆ ಮಾತ್ರ. ಕಾರ್ಡು ಬಂದ ದಿನವೇ, ಗಡುವಿಗೆ ಮೊದಲು ಪೂರ್ತಿ ಬಾಕಿ ಖಾತೆಯಿಂದ ತಾನಾಗಿ ಹೋಗುವಂತೆ ಮಾಡಿದೆ. 'ಕನಿಷ್ಠ' ಅಲ್ಲ, ಪೂರ್ತಿ. ತಿಂಗಳಿಗೆ 10,000 ಖರ್ಚಾದರೆ ವಾಪಸ್ ಬರುವುದು 100 ರೂಪಾಯಿ. ಸಾಕು.

ಉಮ್ಮ ಕಾರ್ಡು ತಿರುಗಿಸಿ ನೋಡಿ ಬ್ಯಾರಿಯಲ್ಲಿ ಕೇಳಿದ್ದು ಒಂದೇ: ಇದಕ್ಕೆ ಬಡ್ಡಿ ಉಂಟಾ?

ಪೂರ್ತಿ ಕಟ್ಟಿದರೆ ಇಲ್ಲ ಎಂದೆ. ಮತ್ತೆ ಅವರ ಪಕ್ಕ ಕೂತು, ಆ ಎರಡು ಬಳೆ ಎಲ್ಲಿ ಹೋದವೆಂದು ಹೇಳಿದೆ.