ಯಂತ್ರವೂ ಕೈಯೂ

ಮದುವೆಯ ಚಪ್ಪರದಲ್ಲಿ ಕೊರಳಿಗೆ ಎರಡೆರಡು ಕ್ಯಾಮೆರಾ ತೂಗುಹಾಕಿಕೊಂಡು ಓಡಾಡುವ ಛಾಯಾಗ್ರಾಹಕನ ಹಿಂದೆ ಹಳ್ಳಿಯ ಹುಡುಗರ ದಂಡೇ ಇರುತ್ತದೆ. ಆ ದಂಡಿನಲ್ಲಿ ಒಬ್ಬನ ಮನಸ್ಸಿನಲ್ಲಾದರೂ ಅಂದು ಒಂದು ಆಸೆ ಬೇರೂರುತ್ತದೆ. ಅದರ ಬೆನ್ನಿಗೇ ಅದರ ಬೆಲೆಯೂ ತಿಳಿಯುತ್ತದೆ. ಲಕ್ಷ ರೂಪಾಯಿಯ ಯಂತ್ರವಿಲ್ಲದೆ ಒಳ್ಳೆಯ ಚಿತ್ರ ಬಾರದೆಂದು ಯಾರೋ ಅವನಿಗೆ ಹೇಳಿರುತ್ತಾರೆ. ಮನೆಯಲ್ಲಿ ತಂದೆ ಕೇಳುವ ಪ್ರಶ್ನೆ ಒಂದೇ: "ಅಷ್ಟು ದುಡ್ಡು ಸುರಿದರೆ ಬರುವುದೇನಪ್ಪಾ?" ಈ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸುಗ್ಗಿಯ ಹಣವನ್ನು ಎಣಿಸಿ ಎತ್ತಿಟ್ಟ ಕೈ ಅದು.

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಹಿರಿಯರು ಇಂತಹ ಸಂದರ್ಭದಲ್ಲಿ ನೆನೆಯುವುದುಂಟು. ಗಾದೆ ದಿಟವೇ, ಆದರೆ ಒಮ್ಮೊಮ್ಮೆ ನೆಲವೂ ಡೊಂಕಾಗಿರುತ್ತದೆಂಬುದನ್ನು ಅದು ಹೇಳುವುದಿಲ್ಲ. ಕೆರೆಯ ಆಚೆಯ ದಡದಲ್ಲಿ ಕುಳಿತ ಹಕ್ಕಿಯನ್ನು ಹತ್ತಿರಕ್ಕೆ ತರಲು ತಕ್ಕ ಮಸೂರವೇ ಬೇಕು, ಬರಿಯ ಕುಶಲತೆ ಅಲ್ಲಿ ಸಾಲದು. ಯಂತ್ರ ಎಲ್ಲಿಯವರೆಗೆ ಬೇಕು, ಎಲ್ಲಿಂದಾಚೆ ಕೈಯೇ ದುಡಿಯಬೇಕು ಎಂಬುದು ವಿಚಾರ ಮಾಡತಕ್ಕ ಸಂಗತಿ. ಇದನ್ನು ತನ್ನ ಬಾಳಿನಿಂದಲೇ ಅಳೆದು ತೋರಿಸಿದವನು ಒಬ್ಬ ರೈತ. ಅವನ ಊರು ಮಾತ್ರ ಬಯಲುಸೀಮೆಯ ಕಣ್ಣು ಕಾಣದ ಹಿಮದ ನಾಡಿನಲ್ಲಿತ್ತು.

ವಿಲ್ಸನ್ ಬೆಂಟ್ಲಿ 1865ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಎಂಬ ಹಳ್ಳಿಯಲ್ಲಿ ಜನಿಸಿದನು. ತಾಯಿ ಹಿಂದೆ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಮಗನ ವಿದ್ಯಾಭ್ಯಾಸದ ಬಹುಭಾಗ ಆಕೆಯ ಬಳಿಯೇ ಆಯಿತು. ಹುಡುಗನಿಗೆ ಹದಿನೈದು ವರ್ಷ ತುಂಬಿದಾಗ ಆಕೆ ತನ್ನ ಹಳೆಯ ಸೂಕ್ಷ್ಮದರ್ಶಕವನ್ನು ಅವನ ಕೈಗಿತ್ತಳು. ಅದರಡಿಯಲ್ಲಿ ಹಿಮದ ಹರಳೊಂದನ್ನು ಇಟ್ಟು ನೋಡಿದ ಗಳಿಗೆಯಿಂದ ಅವನ ಬಾಳಿನ ದಾರಿ ಗೊತ್ತಾಯಿತು. ಆರು ಮೂಲೆಯ, ಆರು ಕವಲಿನ ಆ ಚೆಲುವನ್ನು ಇತರರಿಗೂ ತೋರಿಸಬೇಕೆಂದು ಆತ ಪೆನ್ಸಿಲ್ ಹಿಡಿದನು. ಅರ್ಧ ಬರೆಯುವಷ್ಟರಲ್ಲಿ ಹರಳು ಕರಗಿ ನೀರಾಗುತ್ತಿತ್ತು. ಕಣ್ಣಿತ್ತು, ಕೈಯಿತ್ತು, ಹಟವೂ ಇತ್ತು. ಆದರೂ ಚಳಿಗಾಲದ ಮೇಲೆ ಚಳಿಗಾಲ ಹೀಗೆಯೇ ಕಳೆಯಿತು. ಇಲ್ಲಿ ನೆಲವೇ ಡೊಂಕಾಗಿತ್ತೆಂದು ಒಪ್ಪಲೇಬೇಕು.

ಸೂಕ್ಷ್ಮದರ್ಶಕಕ್ಕೆ ಜೋಡಿಸಬಹುದಾದ ಕ್ಯಾಮೆರಾ ಇದೆಯೆಂದು ಅವನು ಎಲ್ಲಿಯೋ ಓದಿ ತಿಳಿದನು. ಅದೆಲ್ಲದರ ಬೆಲೆ ಸುಮಾರು 100 ಡಾಲರು. ಹಾಲು ಕರೆದು ಬದುಕುವ ಒಕ್ಕಲಿಗೆ ಅಂದು ಅದು ಸಣ್ಣ ಮೊತ್ತವಲ್ಲ. ಹಿಮದ ಚಿತ್ರ ತೆಗೆಯುವುದು ಕೆಲಸಕ್ಕೆ ಬಾರದ ಹುಚ್ಚೆಂದೇ ತಂದೆ ನಂಬಿದ್ದನು. ತಾಯಿಯ ಒತ್ತಾಯಕ್ಕೆ ಮಣಿದು ಹಣ ಕೊಟ್ಟನಾದರೂ ಆ ನಂಬಿಕೆಯನ್ನು ಕೊನೆಯವರೆಗೂ ಬಿಡಲಿಲ್ಲವಂತೆ.

ಯಂತ್ರ ಮನೆಗೆ ಬಂದಿತು, ಚಿತ್ರ ಬರಲಿಲ್ಲ. ಮೊದಲ ಚಳಿಗಾಲದ ಗಾಜಿನ ಫಲಕಗಳಲ್ಲಿ ಮಸುಕಲ್ಲದೆ ಮತ್ತೇನೂ ಮೂಡಲಿಲ್ಲ. ಹಣವೆಲ್ಲ ನೀರಿನಲ್ಲಿ ಹೋಯಿತೆಂದು ತಂದೆ ಅಂದುಕೊಂಡಿದ್ದರೆ ಅವನನ್ನು ದೂರುವಂತಿಲ್ಲ. ಮುಂದಿನ ಚಳಿಗಾಲದಲ್ಲಿ ಮಗನು ಬೆಳಕು ಹೊಗುವ ಕಂಡಿಯನ್ನು ಬಹಳ ಕಿರಿದು ಮಾಡಿ, ಫಲಕವನ್ನು ಒಂದೂವರೆ ನಿಮಿಷದವರೆಗೂ ಬೆಳಕಿಗೆ ಒಡ್ಡಿ ನೋಡಿದನು. 1885ರ ಜನವರಿ 15ರಂದು ಹರಳಿನ ಒಂದೊಂದು ಅಂಚೂ ಸ್ಪಷ್ಟವಾಗಿ ಮೂಡಿತು. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಒಂದು ವರ್ಷದಲ್ಲಿ ಬದಲಾದದ್ದು ಕ್ಯಾಮೆರಾ ಅಲ್ಲ.

ಕೆಲಸದ ಬಗೆಯನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು. ಒಲೆಯಿಲ್ಲದ ತಣ್ಣನೆಯ ಕೊಟ್ಟಿಗೆಯೇ ಅವನ ಕಾರ್ಯಾಗಾರ. ಕಪ್ಪು ಬಣ್ಣ ಬಳಿದ ಹಲಗೆಯನ್ನು ಹಿಮ ಬೀಳುವಲ್ಲಿ ಒಡ್ಡುವನು. ಬೇಡವಾದ ಹರಳುಗಳನ್ನು ಹಕ್ಕಿಯ ಗರಿಯಿಂದ ಸವರಿ ತೆಗೆಯುವನು. ಒಪ್ಪಿಗೆಯಾದುದನ್ನು ಸಣ್ಣ ಕಡ್ಡಿಯ ತುದಿಯಿಂದ ಎತ್ತಿ ಗಾಜಿನ ಮೇಲಿಟ್ಟು ಗರಿಯಿಂದಲೇ ಮೆಲ್ಲನೆ ಅದುಮುವನು. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿರಬೇಕು, ಏಕೆಂದರೆ ಉಸಿರಿನ ಬಿಸಿ ತಾಗಿದರೂ ಹರಳು ಉಳಿಯದು. ತಿದಿಯಂತೆ ನೀಳವಾಗಿ ಚಾಚುವ ಆ ಕ್ಯಾಮೆರಾದ ಹಿಂಬದಿಯಲ್ಲಿ ನಿಂತು ನೋಡುವವನಿಗೆ ಮುಂದಿನ ತಿರುಪು ಕೈಗೆಟುಕುವುದಿಲ್ಲ. ಆತ ಅದಕ್ಕೂ ಹೊಸ ಸಲಕರಣೆ ಕೊಳ್ಳಲಿಲ್ಲ. ಗಾಲಿಗೆ ದಾರ ಸುತ್ತಿ, ದಪ್ಪ ಕೈಚೀಲ ತೊಟ್ಟ ಕೈಯಿಂದಲೇ ತಿರುಪನ್ನು ತಿರುಗಿಸುವ ಉಪಾಯ ಕಂಡುಕೊಂಡನು.

ಮಳೆಹನಿಯ ಗಾತ್ರವನ್ನು ಅಳೆಯಬೇಕೆನಿಸಿದಾಗಲೂ ಹೀಗೆಯೇ. ತಟ್ಟೆಯಲ್ಲಿ ಒಂದಂಗುಲ ದಪ್ಪಕ್ಕೆ ಜರಡಿ ಹಿಡಿದ ಹಿಟ್ಟನ್ನು ಹರವಿ ಕೆಲವು ಕ್ಷಣ ಮಳೆಗೆ ಹಿಡಿದನು. ಹನಿ ಬಿದ್ದಲ್ಲೆಲ್ಲ ಹಿಟ್ಟು ಉಂಡೆಗಟ್ಟಿತು. ಒಣಗಿದ ಉಂಡೆಗಳನ್ನು ಅಳೆದರೆ ಹನಿಯ ಅಳತೆ ದೊರಕಿತು. ಅಳತೆ ಮೊದಲೇ ಗೊತ್ತಿದ್ದ ಹನಿಗಳನ್ನು ಬೀಳಿಸಿ ಈ ಲೆಕ್ಕ ಸರಿಯೇ ಎಂದು ಪರೀಕ್ಷಿಸುವುದನ್ನೂ ಆತ ಮರೆಯಲಿಲ್ಲ. ಈ ಅಧ್ಯಯನ 1904ರಲ್ಲಿ ಪ್ರಕಟವಾಯಿತು. ಅಡಿಗೆಮನೆಯ ಹಿಟ್ಟು ಹೀಗೆ ವಿಜ್ಞಾನದ ಉಪಕರಣವಾದುದು ವಿನೋದವೂ ಹೌದು, ವಿಸ್ಮಯವೂ ಹೌದು.

ಆದರೆ ಕೈಯ ಕುಶಲತೆಯಲ್ಲಿ ದೋಷವೇ ಇಲ್ಲವೆಂದು ತಿಳಿಯಬಾರದು. ಬಿಳಿಯ ಹರಳು ಬಿಳಿಯ ಹಿನ್ನೆಲೆಯಲ್ಲಿ ಎದ್ದು ಕಾಣದೆಂದು ಬೆಂಟ್ಲಿ ನೆಗೆಟಿವ್‌ನ ಪ್ರತಿ ತೆಗೆದು, ಹರಳಿನ ಸುತ್ತಲಿನ ಲೇಪವನ್ನು ಚಾಕುವಿನ ಮೊನೆಯಿಂದ ಗಂಟೆಗಟ್ಟಲೆ ಕೆರೆಯುತ್ತಿದ್ದನು. ಅವನ ಚಿತ್ರಗಳಲ್ಲಿ ಹರಳು ಕಗ್ಗತ್ತಲೆಯ ನಕ್ಷತ್ರದಂತೆ ಹೊಳೆಯುವುದು ಇದರಿಂದಲೇ. ಬರ್ಲಿನ್ನಿನ ಹವಾಮಾನ ವಿಜ್ಞಾನಿ ಗುಸ್ತಾವ್ ಹೆಲ್‌ಮನ್ 1893ರಲ್ಲಿಯೇ ಹಿಮದ ಹರಳುಗಳನ್ನು ಕುರಿತು ಗ್ರಂಥ ಪ್ರಕಟಿಸಿದ್ದನು. ಅದಕ್ಕೆ ಚಿತ್ರ ತೆಗೆದ ರಿಚರ್ಡ್ ನಾಯ್‌ಹೌಸ್ ಸೂಕ್ಷ್ಮ ಛಾಯಾಗ್ರಹಣದಲ್ಲಿ ನುರಿತ ವೈದ್ಯ. ಅವರ ಹರಳುಗಳು ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಬೆಂಟ್ಲಿ ಅಂಚುಗಳನ್ನು ತಿದ್ದುತ್ತಾನೆಂಬ ಆಕ್ಷೇಪ ಜರ್ಮನಿಯಿಂದ ಕೇಳಿಬಂದಿತು. ಆತ ಸುಳ್ಳುಗಾರನಲ್ಲ, ಆದರೆ ಗರಿಯಿಂದ ಸವರಿ ತಳ್ಳಿದ ಹರಳುಗಳ ವಿಷಯ ಬೇರೆ. ಆಕಾಶದಿಂದ ಇಳಿಯುವ ಹಿಮದಲ್ಲಿ ಹೆಚ್ಚಿನದು ಮುರುಕು, ಸೊಟ್ಟ, ಒಂದಕ್ಕೊಂದು ಅಂಟಿದ್ದು. ಚೆಲುವಾದವನ್ನೇ ಅವನ ಕಣ್ಣು ಆರಿಸಿತು. ಎಷ್ಟು ಬೆಲೆಯ ಕ್ಯಾಮೆರಾ ಕೊಟ್ಟಿದ್ದರೂ ಈ ಕೊರತೆ ತುಂಬುತ್ತಿರಲಿಲ್ಲ.

ಅದನ್ನು ತುಂಬಿದವನು ಜಪಾನಿನ ಉಕಿಚಿರೊ ನಕಾಯ. ಬೆಂಟ್ಲಿಯ ಪುಸ್ತಕದಿಂದ ಸ್ಫೂರ್ತಿ ಪಡೆದ ಈ ವಿಜ್ಞಾನಿ ಹೊಕ್ಕೈಡೊದಲ್ಲಿ ಚೆಲುವಲ್ಲದ ಹರಳುಗಳನ್ನೂ ಬಿಡದೆ ಚಿತ್ರಿಸಿ ವರ್ಗೀಕರಿಸಿದನು. ಹಿಮವನ್ನು ತಾನೇ ಬೆಳೆಸಿ ನೋಡಬೇಕೆಂದಾಗ ಅವನಿಗೆ ಕಡುಚಳಿಯ ಕೋಣೆ ಬೇಕಾಯಿತು. ಅಂತಹ ಕೋಣೆ ದಾರ ಗಾಲಿಗಳಿಂದ ಆಗುವ ಕೆಲಸವಲ್ಲ, ವಿಶ್ವವಿದ್ಯಾಲಯವೇ ಕಟ್ಟಿಸಿಕೊಡಬೇಕಾಯಿತು. ಆದರೂ ಆ ಕೋಣೆಯೊಳಗೆ ಯಾವ ಎಳೆಯ ಮೇಲೆ ಹರಳು ಕೂರಿಸಬೇಕೆಂಬುದು ತಿಳಿಯದೆ ಹಲವು ಎಳೆಗಳನ್ನು ಪರೀಕ್ಷಿಸಿ, ಕಡೆಗೆ 1936ರ ಮಾರ್ಚಿಯಲ್ಲಿ ಮೊಲದ ಕೂದಲೊಂದರ ತುದಿಯಲ್ಲಿ ಮನುಷ್ಯನು ಮಾಡಿದ ಮೊದಲ ಹಿಮಹರಳನ್ನು ಅರಳಿಸಿದನು.

ಬೆಂಟ್ಲಿ ಅದನ್ನು ಕಾಣಲಿಲ್ಲ. ಹುಟ್ಟಿದ ಹೊಲಮನೆಯಲ್ಲೇ ದುಡಿಯುತ್ತ, ನೆರೆಯವರ ಕಣ್ಣಿಗೆ ಒಂದು ಬಗೆಯ ಮರುಳನಂತೆ ಕಾಣುತ್ತ, ಒಂದೊಂದು ಪ್ರತಿಯನ್ನು ಐದು ಸೆಂಟಿಗೆ ಮಾರುತ್ತ ಆತ 5,000ಕ್ಕೂ ಮಿಕ್ಕಿ ಹರಳುಗಳ ಚಿತ್ರ ತೆಗೆದನು. ತಂದೆ ಕೊಡಿಸಿದ ಆ ಕ್ಯಾಮೆರಾ ಒಂದರಿಂದಲೇ. ಅವುಗಳಲ್ಲಿ 2,400ಕ್ಕೂ ಹೆಚ್ಚು ಚಿತ್ರಗಳುಳ್ಳ ಗ್ರಂಥ 1931ರ ಕೊನೆಯಲ್ಲಿ, ಅಮೆರಿಕದ ಹವಾಮಾನ ಇಲಾಖೆಯ ವಿಲಿಯಂ ಹಂಫ್ರೀಸ್ ಎಂಬಾತನ ಸಹಯೋಗದಲ್ಲಿ, ಬೆಳಕು ಕಂಡಿತು. ಕೆಲವೇ ವಾರಗಳ ಮೇಲೆ ಬೆಂಟ್ಲಿ ಹಿಮ ಬೀಳುತ್ತಿದ್ದ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಮನೆ ಸೇರಿದನು. ನೆಗಡಿ ನ್ಯುಮೋನಿಯಾಕ್ಕೆ ತಿರುಗಿತು. ಡಿಸೆಂಬರ್ 23ರಂದು ತೀರಿಕೊಂಡನು. ದಿನದಿನವೂ ಹವೆಯನ್ನು ಗುರುತು ಹಾಕುತ್ತಿದ್ದ ಅವನ ಪುಸ್ತಕದ ಕೊನೆಯ ಬರಹ ಆ ತಿಂಗಳ 7ರದು. ಮಧ್ಯಾಹ್ನ ಬಡಗಣ ಗಾಳಿ ತಣ್ಣಗೆ ಬೀಸುತ್ತಿದೆ, ಹಿಮ ಹಾರುತ್ತಿದೆ ಎಂಬಷ್ಟೇ ಅದರಲ್ಲಿದೆ.