ಅವ್ವ, ಮಾರಿಕಣಿವೆ ಮತ್ತು 16 ವೋಲ್ಟ್

2022ರ ಸೆಪ್ಟೆಂಬರ್. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು. ವರದಿಗೆ ಹೊರಟಿದ್ದೆ. "ನಮ್ಮಪ್ಪ ಹಿಂದಿನ ಕೋಡಿ ಕತೆ ಹೇಳೋನು, ನಾನೂ ಬತ್ತೀನಿ ಕಣಪ್ಪ" ಅಂತ ಅವ್ವ ಕಾರು ಹತ್ತಿ ಕೂತಳು.

ಕಾರು ನನಗಿಂತ ಸ್ವಲ್ಪವೇ ಚಿಕ್ಕದು. ಆಗಲೇ ಅದಕ್ಕೆ ರೋಗ ಹತ್ತಿತ್ತು. ರೇಸ್ ಕೊಟ್ಟರೆ ಲೈಟು ಝಗ್ ಅನ್ನೋದು, ಬಿಟ್ಟರೆ ಮಂಕಾಗೋದು. ಬ್ಯಾಟರಿಗೆ ವಾರಕ್ಕೊಮ್ಮೆ ನೀರು ಹಾಕಬೇಕಿತ್ತು. ಬಾನೆಟ್ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಬ್ಯಾಟರಿ ಅಂಗಡಿಯವರು "ಬ್ಯಾಟರಿ ಹೋಗಿದೆ" ಅಂದರು, ಹಾಕಿಸಿದೆ. ಆರು ತಿಂಗಳಿಗೆ ಮತ್ತೆ ಅದೇ ಮಾತು. ಎಡಗಡೆ ಬಲ್ಬ್ ಹೋಗಿ ವಾರವಾಗಿತ್ತು, ಹಾಕಿಸಿರಲಿಲ್ಲ. ವರದಿಗೆ ಇಷ್ಟು ಅಂತ ದುಡ್ಡು ಬರುವವರಿಗೆ ಅದರ ಕಾರಣ ಹೇಳಬೇಕಿಲ್ಲ.

ಕೋಡಿ ನೋಡಿ ಹೊರಟಾಗ ಕತ್ತಲಾಗಿತ್ತು. ಫೋಟೋ ಕಳಿಸೋಣ ಅಂದರೆ ಫೋನ್ 8 ಪರ್ಸೆಂಟ್. ಕಾರಿನ ಚಾರ್ಜರ್ ಮುಟ್ಟಿದರೆ ಬಿಸಿ, ಸುಟ್ಟ ವಾಸನೆ. ಸ್ವಲ್ಪ ದೂರ ಬಂದಿದ್ದೆವು, ಬಲಗಡೆ ಡಿಮ್ ಹೋಯಿತು. ಬ್ರೈಟ್ ಹಾಕಿಕೊಂಡು ಬಂದೆ. ಎರಡು ಕಿಲೋಮೀಟರ್‌ಗೆ ಅದೂ ಹೋಯಿತು. ಎದುರಿಗೆ ಲಾರಿ. ಅವ್ವ ನನ್ನ ತೋಳು ಹಿಡಿದಳು, ಮಾತಾಡಲಿಲ್ಲ. ಅಂದಾಜಿನ ಮೇಲೆ ಪಕ್ಕಕ್ಕೆ ಎಳೆದು ನಿಲ್ಲಿಸಿದೆ. ಮುಕ್ಕಾಲು ಗಂಟೆ ಆದಮೇಲೆ ಹಾಲಿನ ಟೆಂಪೋದವನೊಬ್ಬ ಮುಂದೆ ದಾರಿ ತೋರಿಸಿಕೊಂಡು ಊರು ಮುಟ್ಟಿಸಿದ. ನನ್ನ ಫೋಟೋ ಮರುದಿನದ ಪತ್ರಿಕೆಗೆ ಸೇರಲಿಲ್ಲ.

ನಾಚಿಕೆಯ ವಿಷಯ ಇನ್ನೊಂದಿದೆ. ಪಂಪ್‌ಸೆಟ್ ಮೋಟಾರು ಸುಟ್ಟ ಸುದ್ದಿ ನಾನೇ ಎಷ್ಟೋ ಬರೆದಿದ್ದೇನೆ. ವೋಲ್ಟೇಜ್ ಕಮ್ಮಿಯಾದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಡುತ್ತೆ ಅಂತ ಗೊತ್ತು. ನನ್ನ ಕಾರಿನಲ್ಲಿ ಉಲ್ಟಾ, ವೋಲ್ಟೇಜ್ ಜಾಸ್ತಿಯಾಗಿ ಸುಡುತ್ತಿತ್ತು. ಅದು ಹೊಳೆಯಲೇ ಇಲ್ಲ.

ಗೊತ್ತು ಮಾಡಿದ್ದು ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್. ಬ್ಯಾಟರಿಗೆ ಮೀಟರ್ ಹಿಡಿದರು. ಇಂಜಿನ್ ಆಫ್ ಇದ್ದಾಗ 12.4. ಸ್ಟಾರ್ಟ್ ಮಾಡಿದರೆ 14.3. "ಸರಿಯಾಗೇ ಐತಲ್ಲಣ್ಣ" ಅಂದೆ. "ತಡಿಯಪ್ಪ, ರೇಸ್ ಕೊಡು" ಅಂದರು. ಕೊಟ್ಟೆ. 15 ದಾಟಿತು, 16ರ ಹತ್ತಿರ ಹೋಯಿತು. ಅಷ್ಟು ಬಂದರೆ ಬ್ಯಾಟರಿ ಕುದಿಯುತ್ತೆ, ನೀರು ಆರುತ್ತೆ, ಬಲ್ಬ್ ನಿಲ್ಲಲ್ಲ. ಸಾಮಾನ್ಯವಾಗಿ 13.8ರಿಂದ 14.5ರ ಒಳಗೆ ಇರಬೇಕಂತೆ. ಆ ಅಂಗಡಿಯಲ್ಲಿ ರೇಸ್ ಕೊಟ್ಟು ಯಾರೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವರು ಮೊದಲು ಅರ್ತಿಂಗ್ ವೈರ್ ಬಿಚ್ಚಿದರು. ಬಾಡಿಗೆ ಸೇರುವ ಜಾಗದಲ್ಲಿ ಪೂರ್ತಿ ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿದರು. ಬೆಳಿಗ್ಗೆ ಸೆಲ್ಫ್ ತೊದಲುವುದು ನಿಂತಿತು, 16 ಮಾತ್ರ ಇಳಿಯಲಿಲ್ಲ. ಆಮೇಲೆ ಆಲ್ಟರ್ನೇಟರ್ ಬಿಚ್ಚಿ ಒಳಗಿನ ರೆಗ್ಯುಲೇಟರ್ ಒಂದನ್ನೇ ಬದಲಿಸಿದರು. ಖರ್ಚು ಒಂದು ಬ್ಯಾಟರಿಯ ಅರ್ಧದಷ್ಟೂ ಆಗಲಿಲ್ಲ. ರೇಸ್ ಕೊಟ್ಟೆ, 14.2ಕ್ಕೆ ನಿಂತಿತು.

ನಮ್ಮ ಕಡೆ ಡೈನಮೋ ನೋಡೋಕೆ ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕೀಳುತ್ತಾರಲ್ಲ, ಅದನ್ನು ಕೇಳಿದೆ. ಅವರು ಬೈದೇಬಿಟ್ಟರು. ಬ್ಯಾಟರಿ ತಪ್ಪಿದ ಕೂಡಲೇ ವೋಲ್ಟೇಜ್ ಒಮ್ಮೆಗೇ ಏರಿ ಡಯೋಡ್, ರೇಡಿಯೋ ಎಲ್ಲ ಸುಡಬಹುದು. ಕುದಿಯುವ ಬ್ಯಾಟರಿ ಬಿಡುವ ಗ್ಯಾಸು ಬೇರೆ, ಒಂದು ಕಿಡಿ ಸಾಕು.

ಒಂದು ಸಣ್ಣ ಮೀಟರ್ ತಗೊಂಡು ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟಿದ್ದೇನೆ. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಅವ್ವ ಸೀರೆ ಬದಲಿಸಿ ಬಂದು ಕಾರಿನ ಬಾಗಿಲ ಹತ್ತಿರ ನಿಂತಳು, ಹತ್ತಲಿಲ್ಲ.

"ಎಷ್ಟೈತೆ ನೋಡ್ಲಾ ಮೊದ್ಲು" ಅಂದಳು.